‘ಮಾತಾಡ್ತಿದ್ದಾರಲ್ಲ’ ಅಂದರೆ ಸಾಲದು

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬೈಕ್‌ನಲ್ಲಿ ಹೊರಟವರು, ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕೀಳಲು ಮರ ಹತ್ತಿದವರು, ಮುಳಬಾಗಿಲಿನ ಹತ್ತಿರ ಹೆದ್ದಾರಿ ದಾಟಲು ಹೋದವರು. ತಲೆಗೆ ಏಟು ಬಿದ್ದಾಗ ಜೊತೆಗಿದ್ದವರು ಮನೆಗೆ ಫೋನ್ ಮಾಡಿ ಮೊದಲು ಹೇಳುವುದು ಒಂದೇ ಮಾತು: ‘ಭಯ ಪಡಬೇಡಿ, ಮಾತಾಡ್ತಿದ್ದಾರೆ.’ ಈ ಸಮಾಧಾನವೇ ಎಷ್ಟೋ ಸಲ ಅಪಾಯ ತರುತ್ತದೆ.

ಕಿವಿಯ ಮೇಲೆ, ಕಪಾಲದ ಪಕ್ಕದ ಎಲುಬು ತೆಳು. ಅದರ ಒಳಬದಿಗೆ ಅಂಟಿಕೊಂಡೇ ಒಂದು ರಕ್ತನಾಳ ಹರಿಯುತ್ತದೆ. ಎಲುಬು ಬಿರುಕು ಬಿಟ್ಟು ಅದು ಹರಿದರೆ ರಕ್ತ ಎಲುಬಿಗೂ ಮೆದುಳಿನ ಹೊರಪೊರೆಗೂ ನಡುವೆ ತುಂಬುತ್ತಾ ಹೋಗುತ್ತದೆ. ವೈದ್ಯರು ಇದನ್ನು ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ ಎನ್ನುತ್ತಾರೆ. ಬಿದ್ದವರು ಎದ್ದು ಕೂತು, ನೀರು ಕುಡಿದು, ಹೆಸರು ಹೇಳಿ, ಒಂದೆರಡು ಗಂಟೆಯ ನಂತರ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪುವುದು ಇದರಲ್ಲೇ ಹೆಚ್ಚು. ಕೋಮಾಕ್ಕೆ ಜಾರುವ ಮೊದಲೇ ಆಪರೇಷನ್ ಆದರೆ ಬಹುತೇಕರು ಉಳಿಯುತ್ತಾರೆ, ಮೊದಲಿನಂತೆ ಆಗುವವರೂ ಬಹಳ. ಆದ್ದರಿಂದ ಆ ಒಂದೆರಡು ಗಂಟೆಯನ್ನು ಮನೆಯಲ್ಲಿ ಕಾಯುತ್ತಾ ಕಳೆಯಬಾರದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು.

ಪೊರೆಯ ಕೆಳಗೆ, ಮೆದುಳಿಗೆ ತಾಗಿಯೇ ದಿಢೀರನೆ ಆಗುವ ಸಬ್‌ಡ್ಯೂರಲ್ ರಕ್ತಸ್ರಾವದ ಕಥೆ ಬೇರೆ. ಅಲ್ಲಿ ಮೆದುಳಿಗೇ ಪೆಟ್ಟು ಬಿದ್ದಿರುತ್ತದೆ. ಕೋಮಾದಲ್ಲಿ ಬಂದವರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕವೂ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಸಂಚಾರಿ ವಿಜಯ್ ಅವರನ್ನು ಕಳೆದುಕೊಂಡಿದ್ದೂ ತಲೆಯ ಏಟಿನಿಂದಲೇ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಆ ನಟ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್‌ನ ಹಿಂದಿನ ಸೀಟಿನಲ್ಲಿದ್ದರು, ಹೆಲ್ಮೆಟ್ ಇರಲಿಲ್ಲ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಯಿತು, ಆದರೂ ಉಳಿಯಲಿಲ್ಲ. ಕುಟುಂಬ ಅವರ ಅಂಗಾಂಗಗಳನ್ನು ದಾನ ಮಾಡಿತು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ ಆಗಲೇ ಐದು ವರ್ಷವಾಗಿತ್ತು.

‘ಮೊದಲಿನ ಹಾಗೆ ಆಗ್ತಾರಾ ಡಾಕ್ಟ್ರೇ?’ ಎಂದು ಐಸಿಯು ಬಾಗಿಲಲ್ಲಿ ಕೇಳಿದರೆ ವೈದ್ಯರು ತಕ್ಷಣ ಉತ್ತರಿಸದಿರಲು ಕಾರಣವಿದೆ. ಅವರು ವಯಸ್ಸು ನೋಡುತ್ತಾರೆ, ಕಣ್ಣಿಗೆ ಟಾರ್ಚ್ ಹಾಕಿ ಪಾಪೆ ಕಿರಿದಾಗುತ್ತದೆಯೇ ನೋಡುತ್ತಾರೆ, ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಮೂರಕ್ಕೂ ಅಂಕ ಕೊಡುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರಚಿಕಿತ್ಸಕರು ರೂಪಿಸಿದ ಈ ಅಂಕಪಟ್ಟಿಯಲ್ಲಿ 15 ಪೂರ್ಣ, 3 ಕನಿಷ್ಠ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ. ಮೊದಲ ದಿನದ ಅಂಕ ಒಂದು ಅಂದಾಜು ಕೊಡುತ್ತದೆ, ಭವಿಷ್ಯ ಬರೆದಿಡುವುದಿಲ್ಲ.

ವಯಸ್ಸಾದವರ ವಿಷಯದಲ್ಲಿ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿ ಎದ್ದು ಅಡುಗೆಯನ್ನೂ ಮಾಡಿರುತ್ತಾರೆ. ನಾಲ್ಕೈದು ವಾರ ಕಳೆದ ಮೇಲೆ ಮಂಕಾಗುತ್ತಾರೆ, ಒಂದು ಕಾಲಿನ ಚಪ್ಪಲಿ ಕಳಚಿಬಿದ್ದದ್ದೂ ತಿಳಿಯದೆ ನಡೆಯುತ್ತಾರೆ. ಮನೆಯವರು ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದುಕೊಳ್ಳುತ್ತಾರೆ. ಆದರೆ ಕಾರಣ ತಲೆಬುರುಡೆಯೊಳಗೆ ನಿಧಾನವಾಗಿ ಸೇರಿದ ರಕ್ತವಾಗಿರಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಹೀಗಾಗುವುದು ಹೆಚ್ಚು. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಆ ಹಳೆಯ ರಕ್ತ ತೆಗೆದರೆ ಅನೇಕರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮತ್ತೆ ಸೇರಿಕೊಳ್ಳುವುದರಿಂದ ಮರುತಪಾಸಣೆ ತಪ್ಪಿಸುವಂತಿಲ್ಲ.

ಇನ್ನು ಡಿಸ್ಚಾರ್ಜ್. ಹೊಲಿಗೆ ಬಿಚ್ಚಿ ಮನೆಗೆ ಬಂದ ಮನುಷ್ಯನನ್ನು ನೋಡಿ ಊರು ಮತ್ತದೇ ಮಾತು ಹೇಳುತ್ತದೆ: ‘ಚೆನ್ನಾಗೇ ಮಾತಾಡ್ತಿದ್ದಾನಲ್ಲ.’ ಆದರೆ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವನಿಗೆ ಈಗ ಲೆಕ್ಕ ತಪ್ಪುತ್ತದೆ, ಹರಾಜಿನ ಗದ್ದಲಕ್ಕೆ ತಲೆ ಸಿಡಿಯುತ್ತದೆ. ಸಾರಿನ ವಾಸನೆ ತಿಳಿಯುವುದಿಲ್ಲ. ಮಕ್ಕಳ ಮೇಲೆ ರೇಗುತ್ತಾನೆ, ಮಧ್ಯಾಹ್ನಕ್ಕೇ ಸುಸ್ತು. ಇದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಗಾಯಗೊಂಡ ಮೆದುಳಿನ ಲಕ್ಷಣ. ಇದನ್ನು ಹೆಂಡತಿಗೆ, ತಾಯಿಗೆ ಯಾರಾದರೂ ಕೂರಿಸಿ ಹೇಳಿದ್ದರೆ ಎಷ್ಟೋ ಮನೆಗಳ ಜಗಳ ತಪ್ಪುತ್ತಿತ್ತು. ಚೇತರಿಕೆಯ ವೇಗ ಮೊದಲ ಆರು ತಿಂಗಳಲ್ಲಿ ಹೆಚ್ಚು, ನಂತರವೂ ಒಂದೆರಡು ವರ್ಷ ಸುಧಾರಣೆ ಕಾಣುತ್ತಿರುತ್ತದೆ. ಕೆಲಸಕ್ಕೆ ಮರಳುವುದು ಅರ್ಧ ದಿನದಿಂದ ಶುರುವಾಗಲಿ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳಿಗೆ ಸಿಕ್ಕ ಈ ಗಮನ ತಲೆಪೆಟ್ಟಿನಿಂದ ಬದುಕುಳಿದವರ ಪುನಶ್ಚೇತನಕ್ಕೂ ಸಿಗಬೇಕು. ಫಿಸಿಯೋಥೆರಪಿಗೆ, ಮಾತಿನ ತರಬೇತಿಗೆ ಶ್ರೀನಿವಾಸಪುರದ ಹಳ್ಳಿಯಿಂದ ಬೆಂಗಳೂರಿಗೆ ಓಡಾಡಿ ಎಂದರೆ ಕೂಲಿಯವರು ಎರಡನೇ ಸಲ ಹೋಗುವುದಿಲ್ಲ.

ಅಲ್ಲಿಯವರೆಗೆ ಮನೆಯವರು ಇಷ್ಟು ಮಾಡಿ: ಸ್ಕ್ಯಾನ್ ಫಿಲ್ಮ್, ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವೈದ್ಯರು ಹೇಳುವವರೆಗೆ ಬೈಕ್ ಕೀಲಿ ಕೊಡಬೇಡಿ, ಕುಡಿತ ಬೇಡವೇ ಬೇಡ. ತಲೆನೋವು ಏರುತ್ತಿದ್ದರೆ, ವಾಂತಿಯಾದರೆ, ಮಂಪರು ಕವಿದರೆ, ಕೈಕಾಲು ಸೋತರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.