ಮುದ್ದೆಯ ತೀರ್ಪು ಉಣ್ಣೋರ ಮನೆಯಲ್ಲೇ

ಕಾವೇರಿ ಶಿವನಸಮುದ್ರದಲ್ಲಿ ಧುಮುಕಿದರೂ ನಮ್ಮ ಹೊಲಕ್ಕೆ ಮಳೆಯೇ ಗತಿ. ವರ್ಷಕ್ಕೊಂದೇ ರಾಗಿ ಬೆಳೆ. ಒಮ್ಮೆ ಇಳುವರಿ ಮಾತ್ರ ನೋಡಿ ಬಿತ್ತಿದೆ. ಮನೆಮಂದಿ ಮುದ್ದೆ ಒಪ್ಪಲಿಲ್ಲ.

ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ರುಚಿ ನೋಡಲೆಂದೇ ತರಬೇತಿ ಪಡೆದವರಿದ್ದಾರೆ. ನಮಗೆ ದಿನಾ ಉಣ್ಣೋರ ಮಾತೇ ಮುಖ್ಯ.

ಜಿಪಿಯು-28, ಎಂಎಲ್-365 ಎರಡನ್ನೂ ಒಂದೇ ದಿನ, ಒಂದೇ ಮಿಲ್ಲಲ್ಲಿ ಬೀಸಿಸಿ. ಪೊಟ್ಟಣದ ಮೇಲೆ ತಳಿ ಹೆಸರು ಬೇಡ. 417, 682 ಅಂತ ಬರೆಯಿರಿ. ಹೆಸರು ಕಂಡರೆ ನಾಲಿಗೆಗಿಂತ ಮುಂಚೆ ಮನಸ್ಸೇ ತೀರ್ಪು ಕೊಡುತ್ತೆ.

ಹತ್ತು ಮನೆಗೆ ಹಂಚಿ, ಬೆಂಗಳೂರಿನ ನೆಂಟರಿಗೂ ಕಳಿಸಿ. ಐದು ಮನೆಯವರು ಮೊದಲು 417 ಉಣ್ಣಲಿ, ಉಳಿದವರು 682. ಮಾರನೇ ದಿನ ಅದಲುಬದಲು. ನೀರಿನಳತೆ, ಸಾರು ಬದಲಾಗಬಾರದು.

ಎರಡನೇ ರಾತ್ರಿ ಫೋನ್ ಮಾಡಿ. ‘ಹೆಂಗಿತ್ತು?’ ಅಂದ್ರೆ ‘ಚೆನ್ನಾಗಿತ್ತು’ ಅಂತಾರೆ. ‘ಯಾವ ನಂಬರು ಮತ್ತೆ ಬೇಕು?’ ಅನ್ನಿ. ಒಂಬತ್ತು ಮನೆ ಒಂದೇ ನಂಬರು ಹೇಳಿದರೆ ಅದನ್ನೇ ಬಿತ್ತಿ. ಐದೈದಾದರೆ ಇಳುವರಿ ನೋಡಿ ಆರಿಸಿ.