ಬೇರಿನ ಬಿಡಾರದವರು

ಕಳೆದ ವರ್ಷ ಕುರುಗೋಡಿನ ಕಡೆಯ ನಮ್ಮ ಹೊಲದಲ್ಲಿ ಶೇಂಗಾಕ್ಕೆ ಕಳೆ ತೆಗೆಯುವಾಗ ಅಪ್ಪ ಒಂದು ಗಿಡವನ್ನು ಕಿತ್ತು ಹಿಡಿದು, “ಕಾಲೇಜು ಓದ್ತೀಯಲ್ಲ, ಹೇಳು. ಬೇರಿಗೆ ಈ ಗಂಟು ಯಾಕೆ ಬಂದಾವೆ? ರೋಗ ಏನು?” ಎಂದು ಕೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೆ ಇತಿಹಾಸದ ವಿದ್ಯಾರ್ಥಿಯಾದ ನನ್ನಲ್ಲಿ ಉತ್ತರವಿರಲಿಲ್ಲ. ಬಳ್ಳಾರಿಗೆ ಮರಳಿ ಪುಸ್ತಕಗಳಲ್ಲಿ ಹುಡುಕಿ ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಸಾರಜನಕವಿಲ್ಲದೆ ಎಲೆಯಿಲ್ಲ, ಕಾಳಿಲ್ಲ. ಆದರೂ ಯಾವ ಬೆಳೆಯೂ ಅದನ್ನು ಗಾಳಿಯಿಂದ ನೇರವಾಗಿ ಹೀರಿಕೊಳ್ಳಲಾರದು. ಅದರ ಎರಡೆರಡು ಪರಮಾಣುಗಳು ಅಷ್ಟು ಬಿಗಿಯಾಗಿ ಕೂಡಿಕೊಂಡಿವೆ. ಆ ಬೆಸುಗೆಯನ್ನು ಬಿಡಿಸುವ ಶಕ್ತಿ ಕೆಲವು ಸೂಕ್ಷ್ಮಜೀವಿಗಳಿಗೆ ಉಂಟು. ಶೇಂಗಾ, ಕಡಲೆ, ತೊಗರಿಗಳ ಬೇರಿನ ಗಂಟುಗಳು ಅಂಥ ಬ್ಯಾಕ್ಟೀರಿಯಗಳ ಬಿಡಾರ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಅವು ಬಾಡಿಗೆಯಾಗಿ ಸಾರಜನಕದ ಆಹಾರ ಸಲ್ಲಿಸುತ್ತವೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಎಂಬವರು ಇದನ್ನು 1888ರ ಹೊತ್ತಿಗೆ ಪ್ರಯೋಗಗಳಿಂದ ಸಿದ್ಧಮಾಡಿ ತೋರಿಸಿದರು.

ಬಡ ನೆಲದಲ್ಲಿ ಮಾತ್ರವಲ್ಲ, ಬಡ ನೀರಿನಲ್ಲಿಯೂ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಲಕ್ಷದ್ವೀಪದ ಸುತ್ತಲಿನ ತಿಳಿಗಡಲಿನ ತಳದಲ್ಲಿ ಹುಲ್ಲುಗಾವಲುಗಳಿವೆ. ಉಷ್ಣವಲಯದ ಇಂಥ ನೀರಿನಲ್ಲಿ ಪೋಷಕಾಂಶ ಬಹಳ ಕಡಿಮೆ. ಅಲ್ಲಿ ಕಡಲಹುಲ್ಲಿನ ಬೇರಿನ ಸುತ್ತಲಿನ ಬ್ಯಾಕ್ಟೀರಿಯಗಳೇ ಸಾರಜನಕ ಒದಗಿಸಲು ನೆರವಾಗುತ್ತವೆ. ಮೆಡಿಟರೇನಿಯನ್ ಸಮುದ್ರದ ಒಂದು ಹುಲ್ಲಿನಲ್ಲಿ ಇಂಥ ಬ್ಯಾಕ್ಟೀರಿಯ ಬೇರಿನೊಳಗೇ ನೆಲೆಸಿರುವುದನ್ನು ಜರ್ಮನಿಯ ಸಂಶೋಧಕರು 2021ರಲ್ಲಿ ಪ್ರಕಟಿಸಿದರು.

ಕಡಲಿನವರೆಗೆ ಏಕೆ? ಸಿರುಗುಪ್ಪದಲ್ಲಿ ನನ್ನ ಸೋದರಮಾವನ ಭತ್ತದ ಗದ್ದೆಯಿದೆ. ತುಂಗಭದ್ರೆಯ ನೀರು ನಿಂತ ಇಂಥ ಗದ್ದೆಗಳಲ್ಲಿ ಬೆಳೆಯುವ ನೀಲಿಹಸುರು ಪಾಚಿಯೂ ಒಂದು ಬಗೆಯ ಬ್ಯಾಕ್ಟೀರಿಯವೇ. ಅದು ಭತ್ತದ ಗದ್ದೆಗೆ ಸಾರಜನಕ ಸೇರಿಸುತ್ತದೆಂದು ಪಿ. ಕೆ. ಡೇ ಎಂಬ ನಮ್ಮ ದೇಶದ ವಿಜ್ಞಾನಿ 1939ರಲ್ಲೇ ತೋರಿಸಿದ್ದರು.

ಹಾಗೆಂದು ಯೂರಿಯಾ ಬೇಡವೆನ್ನಲು ಬಾರದು; ಇಂದಿನ ಭತ್ತದ ಇಳುವರಿಗೆ ಪಾಚಿಯೊಂದೇ ಸಾಲದು. ಶೇಂಗಾದ ಮಾತು ಬೇರೆ. ನೆಲದಲ್ಲಿ ಸಾರಜನಕ ಹೆಚ್ಚಾದರೆ ಬೇರಿನ ಗಂಟುಗಳೇ ಕಡಿಮೆಯಾಗುತ್ತವೆ. ಮನೆಯಲ್ಲಿ ತುಂಬಿದ ಕಣಜವಿದ್ದವನು ಬಾಡಿಗೆಗೆ ಬಿಡಾರ ಕೊಡುವನೇ? ಅಪ್ಪ ಮಾತ್ರ ವರ್ಷವರ್ಷವೂ ಸಾಲ ತಂದು ಶೇಂಗಾಕ್ಕೂ ಯೂರಿಯಾ ಚೆಲ್ಲುತ್ತಿದ್ದರು.

ಮುಂದಿನ ಭಾನುವಾರ ಊರಿಗೆ ಹೋಗಿ ಒಂದು ಗಂಟನ್ನು ಉಗುರಿನಿಂದ ಬಿಡಿಸಿ ಸೀಳಿದೆ. ರೋಗದ ಗಂಟು ಬೇರಿನದೇ ಊತ, ಹೀಗೆ ಸುಲಭವಾಗಿ ಕಳಚದು. ಒಳಗೆ ನಸುಗೆಂಪು ಬಣ್ಣವಿತ್ತು; ಬ್ಯಾಕ್ಟೀರಿಯ ಕೆಲಸ ಮಾಡುತ್ತಿದೆಯೆಂಬುದಕ್ಕೆ ಅದೇ ಗುರುತು. ಅಪ್ಪ ಬಹಳ ಹೊತ್ತು ನೋಡಿ, “ಹಂಗಾದ್ರೆ ಇಷ್ಟು ವರ್ಷ ಆಳು ಮನ್ಯಾಗೇ ಇದ್ದ, ನಾವು ಕೂಲಿ ಹೊರಗೆ ಕೊಟ್ವಿ” ಎಂದರು.

ಈ ವರ್ಷ ಬಿತ್ತನೆಯ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದ್ದೇವೆ. ಯೂರಿಯಾದ ಸಾಲ ಕಡಿಮೆಯಾಗಿದೆ. ಬೆಳೆ ಇನ್ನೂ ಹೊಲದಲ್ಲಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಓದಿದವರಾದರೂ ಸುಳ್ಳುಮಾಡಬೇಡವೇ?