ಒಂದು ಬೆಟ್ಟ, ಎರಡು ಕಡಲು: ಹೊಳೆಗೆ ಹೆಸರು ಬರುವ ಬಗೆ

ಕುದುರೆಮುಖದ ದಾರಿಯಲ್ಲಿ ಗಂಗಾಮೂಲ ಎಂಬ ಬೆಟ್ಟವಿದೆ. ಅದನ್ನು ವರಾಹ ಪರ್ವತ ಎಂದೂ ಕರೆಯುತ್ತಾರೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇಲ್ಲೇ ಹುಟ್ಟುತ್ತವೆ ಎಂಬುದು ಜನರ ಮಾತು. ವರಾಹಸ್ವಾಮಿಯ ಎರಡು ಕೋರೆಗಳಿಂದ ತುಂಗಾ ಮತ್ತು ಭದ್ರಾ, ಕಣ್ಣಿನಿಂದ ನೇತ್ರಾವತಿ ಹರಿದವಂತೆ. ನೇತ್ರ ಎಂದರೆ ಕಣ್ಣೇ ತಾನೆ!

ಒಂದೇ ಬೆಟ್ಟದ ನೀರು ಎರಡು ಕಡಲು ಸೇರುವುದು ಹೇಗೆ? ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ಮಾಡಿನ ನೆತ್ತಿಯಿಂದ ಆಚೆ ಬಿದ್ದ ಮಳೆ ಹಿತ್ತಲಿಗೆ ಇಳಿಯುತ್ತದೆ, ಈಚೆ ಬಿದ್ದದ್ದು ಅಂಗಳಕ್ಕೆ. ಪಶ್ಚಿಮ ಘಟ್ಟದ ಏಣೂ ಹಾಗೆಯೇ. ಇದಕ್ಕೆ ವಾಟರ್ ಡಿವೈಡ್, ಅಂದರೆ ನೀರನ್ನು ಇಬ್ಭಾಗ ಮಾಡುವ ಗೆರೆ ಎನ್ನುತ್ತಾರೆ. ಪಡುವಣಕ್ಕೆ ಬಿದ್ದ ಹನಿ ನೇತ್ರಾವತಿಯಾಗಿ ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಮಂಗಳೂರಿನ ಕಡಲು ಕಾಣುತ್ತದೆ. ಮೂಡಣಕ್ಕೆ ಬಿದ್ದ ಹನಿ ತುಂಗೆಯೋ ಭದ್ರೆಯೋ ಆಗಿ ಬಂಗಾಳ ಕೊಲ್ಲಿ ಮುಟ್ಟಲು ಸಾವಿರ ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು.

ಮಳೆಗಾಲ ಮುಗಿದ ಮೇಲೂ ಹೊಳೆ ಬತ್ತದಿರುವುದೇಕೆ? ಮೇಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡು ಅದಕ್ಕೆ ಕಾರಣ. ಶೋಲಾ ಎಂದರೆ ಬೆಟ್ಟದ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಗಿಡ್ಡ ಮರಗಳ ಕಾಡು. ಅಲ್ಲಿನ ಮಣ್ಣು ಮಳೆನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಒಸರುತ್ತದೆ.

ಹಾಗಾದರೆ ನದಿಯ ನಿಜವಾದ ಮೂಲ ಯಾವುದು? ಒಂದೇ ಬಿಂದು ಹುಡುಕಬೇಡಿ. ಇಂಥ ಹತ್ತಾರು ಒಸರುಗಳು ಕೂಡಿ ಹಳ್ಳವಾಗುತ್ತವೆ, ಹಳ್ಳಗಳು ಕೂಡಿ ಹೊಳೆಯಾಗುತ್ತವೆ. ಅವುಗಳಲ್ಲಿ ಒಂದನ್ನು ಜನ ಮೂಲವೆಂದು ಪೂಜಿಸಿದ್ದಾರೆ, ಅಷ್ಟೇ.

ಹೆಸರಿನ ಲೆಕ್ಕವೂ ಜನರದ್ದೇ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ 147 ಕಿ.ಮೀ. ಹರಿಯುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು, ಭದ್ರಾವತಿ ಸುತ್ತಿ ಬರುತ್ತಾಳೆ. ಹೊಳೆಹೊನ್ನೂರಿನ ಹತ್ತಿರ ಕೂಡಲಿಯಲ್ಲಿ ಇಬ್ಬರೂ ಕೂಡುತ್ತಾರೆ. ಕೂಡುವ ಜಾಗವಾದ್ದರಿಂದ ಊರಿಗೂ ಅದೇ ಹೆಸರು. ಅಲ್ಲಿಂದ ಮುಂದೆ ಎರಡೂ ಹೆಸರು ಉಳಿದು ತುಂಗಭದ್ರೆ.

ಇದೇ ನಿಯಮವೇ? ಅಲ್ಲ. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆ ಸೇರುತ್ತದೆ. ಅದೂ ಚಿಕ್ಕ ಹೊಳೆಯಲ್ಲ. ಆದರೂ ಮುಂದೆ ಅದರ ಹೆಸರಿಲ್ಲ. ಕೂಡಲಿಯಲ್ಲಿ ಗೆದ್ದ ತುಂಗಭದ್ರೆಯೂ ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಯೊಳಗೆ ಹೆಸರು ಕಳೆದುಕೊಳ್ಳುತ್ತಾಳೆ. ನೀರು ಇಳಿಜಾರಿನ ಮಾತು ಕೇಳುತ್ತದೆ, ಹೆಸರು ರೂಢಿಯ ಮಾತು ಕೇಳುತ್ತದೆ.

ಕಳೆದುಹೋದ ಹೆಸರು ಕೆಲವೊಮ್ಮೆ ದಡದ ಊರಲ್ಲಿ ಸಿಗುವುದೂ ಉಂಟು. ತುಂಗಭದ್ರೆಗೆ ಪಂಪಾ ಎಂಬ ಹಳೆಯ ಹೆಸರಿತ್ತು. ಹಳಗನ್ನಡದ ‘ಪ’ಕಾರ ಮುಂದೆ ‘ಹ’ಕಾರವಾಯಿತು. ಪಾಲು ಹಾಲಾಯಿತು, ಪಂಪೆ ಹಂಪೆಯಾಯಿತು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆ? ಕೂಡಲಿಗೆ ಶಿವಮೊಗ್ಗದಿಂದ ಹೋಗಿಬರಬಹುದು. ಉಪ್ಪಿನಂಗಡಿಯಲ್ಲಿ ಸಹಸ್ರಲಿಂಗೇಶ್ವರ ದೇವಸ್ಥಾನದ ಬಳಿಯೇ ಸಂಗಮ. ಎರಡೂ ಕಡೆ ದೊಡ್ಡ ಖರ್ಚೆಂದರೆ ಪ್ರಯಾಣದ್ದೇ. ಬೇಸಿಗೆಯಲ್ಲಿ ಎರಡು ಹೊಳೆಗಳೂ ಬೇರೆಬೇರೆಯಾಗಿ ಚೆನ್ನಾಗಿ ಕಾಣುತ್ತವೆ. ಮಳೆಗಾಲದಲ್ಲಿ ಮೆಟ್ಟಿಲು ಇಳಿಯಬೇಡಿ, ನೀರು ದಿಢೀರನೆ ಏರುತ್ತದೆ. ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಅಲ್ಲಿ ರಸ್ತೆ ಬಿಟ್ಟು ಕಾಡಿಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಶುಲ್ಕ ಎಷ್ಟು, ಯಾವ ದಿನ ಬಿಡುತ್ತಾರೆ ಎಂಬುದನ್ನು ಹೊರಡುವ ಮೊದಲೇ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಅಷ್ಟು ದೂರ ಹೋಗಲಾಗದಿದ್ದರೂ ಚಿಂತೆಯಿಲ್ಲ. ನಿಮ್ಮೂರ ಹಳ್ಳದ ಹೆಸರನ್ನು ಮೇಲಿನ ಊರಿನವರ ಬಳಿ ಕೇಳಿ ನೋಡಿ. ಅದೇ ನೀರಿಗೆ ಅವರು ಬೇರೊಂದು ಹೆಸರು ಹೇಳಿಯಾರು.